ಕಾಕಾನನ್ನು ಜೀಪು ಹತ್ತಿಸಿದ ಹೋಳಿ ಹುಣ್ಣಿಮೆ

ಹೋದ ವಾರ ಮದ್ರಾಸಿನ ಮೈಲಾಪೂರಿನಲ್ಲಿ ಒಂದು ಬಡಗಿ ಅಂಗಡಿಯ ಮುಂದೆ ಹಾದುಹೋಗುವಾಗ ಹಳೆಯ ಸಾಗುವಾನಿ ಕೊಯ್ಯುವ ವಾಸನೆ ಮೂಗಿಗೆ ಬಡಿಯಿತು. ಕೈಯಲ್ಲಿ ಬಾಳೆ ಎಲೆಯ ಸುರುಳಿ ಹಿಡಿದುಕೊಂಡು ನಾನು ನಡುರಸ್ತೆಯಲ್ಲೇ ನಿಂತು ಒಬ್ಬಳೇ ನಗತೊಡಗಿದೆ. ಹಿಂದಿನಿಂದ ಬಂದ ಆಟೋದವನು ಹಾರ್ನ್ ಹೊಡೆದು, ತಲೆ ಹೊರಗೆ ಹಾಕಿ ಏನೋ ಬೈದ. ಬೈಯಲಿ ಬಿಡಿ. ಆ ವಾಸನೆ ಬಂದರೆ ನನಗೆ ವೀರಪ್ಪ ಕಾಕಾ ನೆನಪಾಗುತ್ತಾನೆ, ಕಾಕಾ ನೆನಪಾದರೆ ಪೊಲೀಸ್ ಜೀಪು ನೆನಪಾಗುತ್ತದೆ, ಆಮೇಲೆ ನಗು ತಡೆಯುವುದು ನನ್ನ ಕೈಲಾಗುವುದಿಲ್ಲ.

ಆಗ ನಾವು ಮೈಲಾಪೂರಿನ ಮುಂದೆ ದಾರಿಯಿಲ್ಲದ ಒಂದು ಬೀದಿಗೆ ಬಂದು ಏಳೆಂಟು ತಿಂಗಳಾಗಿತ್ತು. ಅದೆಂಥ ಬೀದಿ ಅಂತೀರಿ! ಬೀದಿಯ ತುದಿಯಲ್ಲಿ ಒಂದು ಖಾಲಿ ಸೈಟು, ನಡುವೆ ಒಂದು ದೊಡ್ಡ ಬೇವಿನ ಮರ, ಎರಡೂ ಕಡೆ ಹಳೆಯ ಮನೆಗಳು. ಬೆಳಿಗ್ಗೆ ರಂಗೋಲಿ ಹಾಕುವ ಹೊತ್ತಿಗೆ ನಾಲ್ಕು ಬಾಗಿಲು ತೆರೆಯುತ್ತಿದ್ದವು, ಹಾಗೇ ಮುಚ್ಚುತ್ತಿದ್ದವು. ಮಕ್ಕಳು ಒಬ್ಬೊಬ್ಬರು ಒಂದೊಂದು ಶಾಲೆಯ ವ್ಯಾನು ಹತ್ತಿ ಹೋಗಿ, ಸಂಜೆ ಇಳಿದು ಟ್ಯೂಷನ್ನಿಗೆ ಹೋಗುತ್ತಿದ್ದರು. ನನಗೋ ಮಾತಿಲ್ಲದಿದ್ದರೆ ಉಂಡ ಅನ್ನ ಕರಗುವುದಿಲ್ಲ. ಶಾಲೆಯಲ್ಲಿ ದಿನವಿಡೀ ಮಕ್ಕಳಿಗೆ ಲೆಕ್ಕ ಹೇಳಿ ಬಂದರೂ ಮನೆಯಲ್ಲಿ ಬಾಯಿ ತುರಿಸುತ್ತಿತ್ತು. ನಮ್ಮವರು ಟಿ. ನಗರದ ಸೀರೆ ಅಂಗಡಿಯಲ್ಲಿ ಗಿರಾಕಿಗಳ ಜೊತೆ ಮಾತಾಡಿ ಮಾತಾಡಿ, ಮನೆಗೆ ಬಂದ ಮೇಲೆ ಹೂಂ ಉಹೂಂ ಎರಡೇ ಶಬ್ದದಲ್ಲಿ ಸಂಸಾರ ಮಾಡುತ್ತಿದ್ದರು.

ಎದುರು ಮನೆಯ ಪದ್ಮಾ ಮಾಮಿ ಕನ್ನಡದವರೇ. ಆದರೆ ಅವರ ಮನೆತನ ಮೂರು ತಲೆಮಾರಿನಿಂದ ಕಾವೇರಿಯ ಆ ತುದಿಯ ನೀರು ಕುಡಿದದ್ದು. ಅವರ ಕನ್ನಡದಲ್ಲಿ ಅರ್ಧ ತಮಿಳು; ನನ್ನ ಗದಗಿನ ಕನ್ನಡ ಕೇಳಿದರೆ ಅವರಿಗೆ ಮುಖ ಗಂಟು. 'ನೀನು ಜಗಳ ಆಡ್ತಿದ್ಯಾ, ಮಾತಾಡ್ತಿದ್ಯಾ?' ಎಂದು ಮೊದಲ ದಿನವೇ ಕೇಳಿದ್ದರು. ಅಲ್ಲಿಗೆ ನಮ್ಮ ಸ್ನೇಹ ಗೇಟಿನ ಆಚೆ ಈಚೆ ನಿಂತು ತಲೆಯಾಡಿಸುವಷ್ಟರಲ್ಲೇ ಉಳಿಯಿತು.

ಅಂಥ ಬೀದಿಗೆ ಮಾರ್ಚ್ ತಿಂಗಳ ಬಿಸಿಲಲ್ಲಿ ಕಾಕಾ ಬಂದ. ನಮ್ಮಪ್ಪನ ತಮ್ಮ. ಆರಡಿ ಆಳು, ಬಿಳಿ ಮೀಸೆ, ಕಚ್ಚೆ ಧೋತರ, ತಲೆಗೆ ಹಳದಿ ರುಮಾಲು. ಹಲ್ಲಿನ ಸೆಟ್ಟು ಕಟ್ಟಿಸಲು ಬಂದಿದ್ದ. ಡಾಕ್ಟರು ಅಳಿದುಳಿದ ಹಲ್ಲನ್ನೆಲ್ಲ ಕಿತ್ತು, ವಸಡು ಮಾಯಲಿ ಎಂದು ಕೂಡಿಸಿದರು. ಹೊಸ ಹಲ್ಲು ಬರುವ ತನಕ ಗಂಜಿ, ಮೆತ್ತಗಿನ ಇಡ್ಲಿ. ಹೊತ್ತು ಹೋಗದೆ ಕಾಕಾ ಜಗಲಿಯ ಮೇಲೆ ಕೂತು ಬೀದಿ ನೋಡುತ್ತಿದ್ದ. ಒಂದು ದಿನ ನನ್ನ ಹತ್ತು ವರ್ಷದ ಮಗಳು ಗಂಗಾಳನ್ನು ಕೇಳಿದ:

'ಅಲ್ಲಬೇ ಗಂಗಿ, ಮುಂದಿನ ವಾರ ಹೋಳಿ ಹುಣ್ಣಿವಿ. ಕಾಮಣ್ಣಗ ಕಟ್ಟಿಗಿ ಕೂಡಿಸೀರೇನು?'

'ಕಾಮಣ್ಣ ಯಾರು?' ಎಂದಳು ನನ್ನ ಮಗಳು.

ಕಾಕಾ ನನ್ನ ಕಡೆ ನೋಡಿದ ನೋಟ ಇನ್ನೂ ನೆನಪಿದೆ. ಮಗಳಿಗೆ ಅನ್ನ ಹಾಕದೆ ಸಾಕಿದ್ದೀಯಾ ಎಂಬಂತಿತ್ತು.

ನಮ್ಮ ಕಡೆಯ ಹೋಳಿ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಕಾಮಣ್ಣನನ್ನು ಸುಡಲು ಕಟ್ಟಿಗೆ ಬೇಕು. ಆ ಕಟ್ಟಿಗೆಯನ್ನು ಕೊಳ್ಳುವಂತಿಲ್ಲ, ಬೇಡಿ ತರುವಂತಿಲ್ಲ, ಕದ್ದೇ ತರಬೇಕು. ಮಲಗುವ ಮುರುಕು ಹೊರಸು, ಬಾಗಿಲ ಹಲಗೆ, ಸಗಣಿಯ ಕುಳ್ಳು, ನೇಗಿಲು, ಸಿಕ್ಕಿದ್ದೇ ಸೀರುಂಡೆ. ಕಳಕೊಂಡವರು ಬಾಯಿ ತುಂಬ ಬೈಯಬಹುದು, ಅಟ್ಟಿಸಿಕೊಂಡು ಬರಬಹುದು, ಆದರೆ ಕಾಮಣ್ಣನ ರಾಶಿಗೆ ಬಿದ್ದ ಮೇಲೆ ಮರಳಿ ಕೇಳಬಾರದು. ಕದ್ದು ತಂದ ಮಕ್ಕಳು ಬಾಯಿಯ ಮೇಲೆ ಅಂಗೈ ಬಡಿದುಕೊಂಡು ಲಬೋ ಲಬೋ ಎಂದು ಕೂಗಬೇಕು. ಚಿಕ್ಕವಳಿದ್ದಾಗ ನಾನೂ ಬಡಿದುಕೊಂಡವಳೇ. ನಮ್ಮಜ್ಜಿ ರೊಟ್ಟಿ ಬಡಿಯುವ ಮರದ ಕೊಣಮಿಗೆಯನ್ನು ಕದ್ದವಳು ಸಾಕ್ಷಾತ್ ನಾನೇ.

ಎರಡು ದಿನದಲ್ಲಿ ಕಾಕಾನ ಹಿಂದೆ ಆರು ಮಕ್ಕಳ ದಂಡು ಸೇರಿತು. ಒಂದೇ ಬೀದಿಯಲ್ಲಿದ್ದೂ ಒಬ್ಬರ ಹೆಸರು ಒಬ್ಬರಿಗೆ ಗೊತ್ತಿಲ್ಲದ ಮಕ್ಕಳು ಪರೀಕ್ಷೆ ಓದು ಬಿಟ್ಟು ಜಗಲಿಯಲ್ಲಿ ಸಾಲಾಗಿ ನಿಂತು ಬಾಯಿ ಬಡಿದುಕೊಳ್ಳುವುದನ್ನು ಕಲಿತರು. ಹಲ್ಲಿಲ್ಲದ ಬಾಯಿಂದ ಕಾಕಾ ತೆಗೆಯುತ್ತಿದ್ದ ಸದ್ದಿಗೆ ಬೇವಿನ ಮರದ ಕಾಗೆಗಳು ಎದ್ದು ಹೋದವು.

ಆ ಸಂಜೆಯೇ ಪದ್ಮಾ ಮಾಮಿ ಗಂಭೀರವಾದ ಮುಖ ಹೊತ್ತು, ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ನಮ್ಮ ಗೇಟು ತೆರೆದರು. ಏಳೆಂಟು ತಿಂಗಳಲ್ಲಿ ಮೊದಲ ಸಲ. ನನ್ನ ಕೈ ಹಿಡಿದು ಮೆಲ್ಲಗೆ ಕೇಳಿದರು: 'ಪಾವಂ... ಯಾರಮ್ಮಾ ಹೋಗ್ಬಿಟ್ಟದ್ದು? ಊರ್ಲೇಯಾ, ಇಲ್ಲೇಯಾ?'

'ಯಾರೂ ಹೋಗಿಲ್ಲ ಮಾಮಿ, ಹಬ್ಬ!' ಎಂದೆ.

'ಹಬ್ಬಕ್ಕಾ ಬಾಯಿ ಬಡ್ಕೊಳ್ಳೋದು?' ಮಾಮಿ ನನ್ನನ್ನೂ ಕಾಕಾನನ್ನೂ ಒಮ್ಮೆ ನೋಡಿ, ಕಾಫಿ ಫ್ಲಾಸ್ಕನ್ನು ಹಾಗೇ ವಾಪಸು ತೆಗೆದುಕೊಂಡು ಹೋದರು. ಸತ್ತವರಿಲ್ಲದ ಮನೆಗೆ ಕಾಫಿ ಯಾಕೆ!

ಶನಿವಾರ ಬಂತು. ನಮ್ಮವರು ಅಂಗಡಿಗೆ ಹೋಗಿದ್ದರು. ನಾನು ಒಳಗೆ ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದೆ. ಹೊರಗೆ ಏನೋ ಭಾರವಾದದ್ದು ನೆಲಕ್ಕೆ ಬಿದ್ದ ಸದ್ದು, ಮಕ್ಕಳ ಲಬೋ ಲಬೋ. ಕಿಟಕಿಯಿಂದ ನೋಡಿದರೆ ಹಿತ್ತಲಲ್ಲಿ ಒಂದು ದೊಡ್ಡ ಹಲಗೆ. ಉದ್ದ ಐದಡಿಗೆ ಕಡಿಮೆಯಿಲ್ಲ, ಬಣ್ಣ ಹೋಗಿ ಮಾಸಿತ್ತು. ಕಾಕಾ ತೆಂಗಿನ ಮಟ್ಟೆ ಸೀಳುವ ಕೊಡಲಿ ಹುಡುಕುತ್ತಿದ್ದ.

'ಎಲ್ಲಿಂದ ತಂದಿ ಕಾಕಾ?'

'ಬೀದ್ಯಾಗ ಗ್ವಾಡಿಗೆ ಆನಿಸಿ ಇಟ್ಟಿದ್ರವಾ. ಬ್ಯಾಡಾದದ್ದು. ಕಾಮಣ್ಣಗ ಅಂತನ ಇಟ್ಟಂಗಿತ್ತು,' ಎಂದು ಹಲ್ಲಿಲ್ಲದೆ ನಕ್ಕ.

ಮದ್ರಾಸಿನಲ್ಲಿ ಬೇಡಾದದ್ದನ್ನು ಜನ ಬೀದಿಗೆ ಇಡುವುದು ಹೌದು. ನಾನೂ ಸುಮ್ಮನಾದೆ. ಹತ್ತು ಪತ್ರಿಕೆ ತಿದ್ದುವಷ್ಟರಲ್ಲಿ ಬೀದಿಯಲ್ಲಿ ಜೀಪು ನಿಂತ ಸದ್ದು ಕೇಳಿತು. ನಮ್ಮ ಬೀದಿಗೆ ಪೊಲೀಸರು ಬಂದದ್ದನ್ನು ನಾನು ನೋಡಿರಲಿಲ್ಲ. ಎರಡು ಕಡೆಯ ಬಾಗಿಲುಗಳೂ ಒಟ್ಟಿಗೆ ತೆರೆದವು. ಪಕ್ಕದ ಅಪಾರ್ಟ್‌ಮೆಂಟಿನ ಕ್ಯಾಮೆರಾದಲ್ಲಿ ಎಲ್ಲವೂ ಬಿದ್ದಿತ್ತಂತೆ: ರುಮಾಲು ಸುತ್ತಿದ ದೊಡ್ಡ ಆಳೊಬ್ಬ ತಲೆಯ ಮೇಲೆ ಹಲಗೆ ಹೊತ್ತು ರಾಜನ ಹಾಗೆ ನಡೆಯುತ್ತಿದ್ದಾನೆ, ಹಿಂದೆ ಆರು ಮಕ್ಕಳು ಬಾಯಿ ಬಡಿದುಕೊಳ್ಳುತ್ತಿದ್ದಾರೆ.

ಕಾನ್‌ಸ್ಟೇಬಲ್ ಹಿತ್ತಲಿಗೆ ನುಗ್ಗುವುದಕ್ಕೂ ಕಾಕಾ ಮೊದಲ ಏಟು ಹಾಕಿ ಎರಡನೆಯದಕ್ಕೆ ಕೊಡಲಿ ಎತ್ತುವುದಕ್ಕೂ ಸರಿಹೋಯಿತು.

'ಯೋವ್! ಕೀಳೆ ಪೋಡು!' ಕೆಳಗೆ ಹಾಕು ಎಂದು ಅವನು ಗರ್ಜಿಸಿದ.

ಕಾಕಾನಿಗೆ ತಮಿಳು ಬಾರದು. ಕೊಡಲಿ ಎತ್ತಿದ್ದು ಎತ್ತಿದ ಹಾಗೇ, ತಿರುಗಿ ನಿಂತ. ಆರಡಿ ಆಳು, ಕೊಡಲಿ, ಮೀಸೆ. ಪಾಪ ಕಾನ್‌ಸ್ಟೇಬಲ್ ಎರಡು ಹೆಜ್ಜೆ ಹಿಂದೆ ಸರಿದ. ಕಾಕಾ ಅವನಿಗೂ ಕಾಮಣ್ಣನ ಉತ್ಸಾಹವಿರಬೇಕೆಂದು ತಿಳಿದು, ಇನ್ನೊಂದು ಕೈಯಿಂದ ಬಾಯಿ ಬಡಿದುಕೊಂಡು ತೋರಿಸಿದ. ಮುಗಿಯಿತಲ್ಲ ಕತೆ. ಇಬ್ಬರು ಬಂದು ಎರಡೂ ತೋಳು ಹಿಡಿದರು. ನಾನು 'ಸಾರ್, ಸಾರ್' ಎನ್ನುತ್ತ ಹಿಂದೆ ಓಡಿದೆ. ಬೀದಿಯವರೆಲ್ಲ ಗೇಟಿಗೆ ಬಂದು ನಿಂತಿದ್ದರು. ಕಾಕಾ ಜೀಪು ಹತ್ತುವ ಮುಂಚೆ ರುಮಾಲು ಸರಿಮಾಡಿಕೊಂಡು, ಊರವರಿಗೆಲ್ಲ ಕೈಮುಗಿದ. ನನ್ನ ಮಗಳು ಹೋ ಎಂದು ಅಳತೊಡಗಿದಳು. ಹಲಗೆಯನ್ನೂ ಜೀಪಿನ ಮೇಲೆ ಏರಿಸಿದರು.

ಆಗಲೇ ಪದ್ಮಾ ಮಾಮಿ ಕೂಗಿದ್ದು: 'ಅಯ್ಯಯ್ಯೋ, ಅದು ನಮ್ಮಾತ್ತು ಊಂಜಲ್ ಪಲಗೆ! ಕಳ್ಳ ನಿಮ್ಮ ಮನೇಲೇ ಇದ್ದಾನಾ?'

ಅದು ಅವರ ಮನೆಯ ಉಯ್ಯಾಲೆಯ ಸಾಗುವಾನಿ ಹಲಗೆ. ಮುಂದಿನ ವಾರ ಮೊಮ್ಮಗಳ ಮದುವೆ. ಇಲ್ಲಿನ ಮದುವೆಗಳಲ್ಲಿ ಹೆಣ್ಣು ಗಂಡನ್ನು ಉಯ್ಯಾಲೆಯ ಮೇಲೆ ಕೂಡಿಸಿ ತೂಗುತ್ತಾರೆ; ಮಾಮಿ ಕೂತದ್ದೂ ಅದರ ಮೇಲೆ, ಅವರ ತಾಯಿ ಕೂತದ್ದೂ ಅದರ ಮೇಲೆ. ಪಾಲಿಶ್ ಮಾಡುವವನು ಬಂದು ಒಯ್ಯಲಿ ಎಂದು ಗೋಡೆಗೆ ಆನಿಸಿ ಒಳಗೆ ಹೋಗಿದ್ದರಂತೆ. ಹೊರಗೆ ಬಂದು ನೋಡಿದರೆ ಹಲಗೆ ಮಾಯ; ಕೂಡಲೇ ಪೊಲೀಸರಿಗೆ ಫೋನು ಮಾಡಿದ್ದರು.

ನಮ್ಮವರಿಗೆ ಫೋನು ಮಾಡಿದೆ. 'ವಕೀಲರನ್ನ ಕರಕೊಂಡು ಬರಲೇನು?' ಎಂದರು. 'ಮೊದಲು ನೀವು ಬರ್ರಿ!' ಎಂದು ಕಿರುಚಿ ಮಾಮಿಯ ಹಿಂದೆ ಆಟೋ ಹತ್ತಿದೆ. ದಾರಿಯುದ್ದಕ್ಕೂ ಮಾಮಿ ನನ್ನ ಕಡೆ ತಿರುಗಲಿಲ್ಲ. ನನಗೆ ನಾಚಿಕೆ, ಭಯ ಎರಡೂ. ಎಪ್ಪತ್ತರ ಹತ್ತಿರದ ಮನುಷ್ಯ, ಊರಲ್ಲಿ ನಾಲ್ಕು ಜನರ ನ್ಯಾಯ ಹೇಳುವವನು. ಅವನ ಮೇಲೆ ಕಳ್ಳತನದ ಕೇಸು ಬಿದ್ದರೆ ನಾನು ಯಾವ ಮುಖ ಹೊತ್ತು ತವರಿಗೆ ಹೋಗಲಿ?

ಸ್ಟೇಷನ್ನಿನಲ್ಲಿ ಒಬ್ಬರು ಎಸ್.ಐ. ಅಮ್ಮ. ಬಿಗಿಯಾಗಿ ಕಟ್ಟಿದ ತುರುಬು, ನಗದ ಮುಖ. ನಾನು ತಮಿಳಿನಲ್ಲಿ ಶುರು ಮಾಡುತ್ತಿದ್ದ ಹಾಗೆ ಕೈ ಎತ್ತಿ ತಡೆದರು. ನೀವು ಅವರ ಕಡೆಯವರು, ನೀವು ಹೇಳಬೇಡಿ, ಅವರೇ ಹೇಳಲಿ ಎಂದರು. ಅವರೇ ಹೇಳಲು ಬಾಯಲ್ಲಿ ಹಲ್ಲಿಲ್ಲ, ತಮಿಳಿಲ್ಲ. ಇಲ್ಲಿ ಕನ್ನಡ ಯಾರಿಗೆ ಬರುತ್ತದೆ ಎಂದು ಕೇಳಿದರು. ಕೊನೆಗೆ ಪದ್ಮಾ ಮಾಮಿ ಗಂಟಲು ಸರಿಮಾಡಿಕೊಂಡು, 'ನನಗೆ ಬರುತ್ತೆ,' ಎಂದರು. ದೂರು ಕೊಟ್ಟವರೇ ದುಭಾಷಿ!

'ಸೊಲ್ಲಿ, ಯಾಕೆ ತಗೊಂಡು ಹೋದ್ರಿ?' ಮಾಮಿ ಕೇಳಿದರು.

'ಕಾಮಣ್ಣಗ್ರೀ ಅಕ್ಕಾರ. ಕದೀಬೇಕಲ್ರೀ ಮತ್ತ? ಕದೀದೇ ಇದ್ರ ಕಾಮಣ್ಣ ಸುಡಾಕ ಬರೂದಿಲ್ಲ.'

ಮಾಮಿ ಎಸ್.ಐ. ಕಡೆ ತಿರುಗಿ, ದೇವರಿಗಾಗಿ ಕದ್ದರಂತೆ, ಕದಿಯದಿದ್ದರೆ ದೇವರು ಒಪ್ಪುವುದಿಲ್ಲವಂತೆ ಎಂದು ತಮಿಳಿನಲ್ಲಿ ಹೇಳಿದರು. ಹೇಳಿದ ಮೇಲೆ ತಾವೇ ಬೆಚ್ಚಿ, 'ಅದ್ಯಾವ ದೇವರು ಕಣ್ರೀ?' ಎಂದು ಕಾಕಾನನ್ನು ಗದರಿದರು.

ಎಸ್.ಐ. ಅಮ್ಮ ಪೆನ್ನು ಕೆಳಗಿಟ್ಟರು. ಕಳ್ಳತನವೇ ಪೂಜೆಯಾಗಿರುವ ಊರು ಯಾವುದು, ನನಗೂ ತೋರಿಸಿ ಎಂದರು. ತೋರಿಸಿದೆ. ಊರಿನಲ್ಲಿರುವ ನನ್ನ ತಮ್ಮ ಈರಣ್ಣನಿಗೆ ವಿಡಿಯೋ ಕಾಲ್ ಮಾಡಿ ಫೋನನ್ನು ಮೇಜಿನ ಮೇಲೆ ಇಟ್ಟೆ. ಪುಣ್ಯಕ್ಕೆ ಅವನು ಕಾಮಣ್ಣನ ಕಟ್ಟೆಯ ಹತ್ತಿರವೇ ಇದ್ದ. ಹಿಂದೆ ಆಳೆತ್ತರದ ರಾಶಿ: ಬಾಗಿಲು, ತೊಟ್ಟಿಲಿನ ಕಾಲು, ಬಂಡಿಯ ಗಾಲಿ. ರಾಶಿಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ಒಬ್ಬಳು ಮುದುಕಿ ಬೈಯುತ್ತಿದ್ದಳು. 'ನನ್ನ ಹೊರಸು ಒಯ್ದು ಹಾಕ್ಯಾರ ನೋಡ್ರಿ ಹಾಟ್ಯಾರು! ಅವರ ಬಾಯಾಗ ಮಣ್ಣ ಹಾಕ್ಲಿ!' ಎನ್ನುತ್ತಲೇ, ಕೈಯಲ್ಲಿದ್ದ ಎರಡು ಕುಳ್ಳನ್ನೂ ತಾನೇ ರಾಶಿಗೆ ಎಸೆದು, ಬೈಯುತ್ತ ಹೋದಳು.

ಸ್ಟೇಷನ್ನೇ ಗೊಳ್ಳೆಂದಿತು. ಕಾಕಾನನ್ನು ಹಿಡಿದಿದ್ದ ಕಾನ್‌ಸ್ಟೇಬಲ್ ಬಾಯಿಗೆ ಕೈ ಅಡ್ಡ ಹಿಡಿದ. ಪದ್ಮಾ ಮಾಮಿ ಮೊದಲು ಸೆರಗು ಬಾಯಿಗೆ ಒತ್ತಿಕೊಂಡರು, ಆಮೇಲೆ ಅದೂ ಆಗದೆ ಕುರ್ಚಿಯಲ್ಲಿ ಕೂತು ಕಣ್ಣೀರು ಬರುವಷ್ಟು ನಕ್ಕರು. 'ಬೇಡಮ್ಮಾ, ಕೇಸು ವೇಂಡಾಂ. ಪಲಗೆ ಸಿಕ್ಕಿತಲ್ಲ. ಒಂದು ಏಟು ತಾನೇ, ಆಚಾರಿ ತೀಡ್ತಾನೆ,' ಎಂದರು.

ಎಸ್.ಐ. ಅಮ್ಮ ಮಾತ್ರ ನಗಲಿಲ್ಲ. ಬೆಂಕಿ ಹಾಕುವುದಾದರೆ ಖಾಲಿ ಸೈಟಿನಲ್ಲಿ ಸಣ್ಣದಾಗಿ, ಪಕ್ಕದಲ್ಲಿ ನೀರಿನ ಬಕೆಟ್ಟು ಇಟ್ಟುಕೊಂಡು; ಆದರೆ ಈ ಮನುಷ್ಯ ಈ ಊರಿನಲ್ಲಿ ಇನ್ನೊಂದು ಕಡ್ಡಿ ಮುಟ್ಟಬಾರದು, ಹಾಗೆಂದು ಮಾತು ಕೊಡಬೇಕು ಎಂದರು. ಮಾಮಿ ಕನ್ನಡಕ್ಕೆ ತಂದರು. ಕಾಕಾ ಎದ್ದು ನಿಂತು, ಅಂಗಿಯ ಒಳಗಿನ ಲಿಂಗವನ್ನು ಮುಟ್ಟಿ, 'ಲಿಂಗದಾಣೆ, ಮುಟ್ಟೂದಿಲ್ಲ,' ಎಂದ.

ಆ ಮಾತು ಕೊಟ್ಟದ್ದೇ ತೊಂದರೆಯಾಯಿತು. ಮನೆಗೆ ಬಂದವನು ಬೀದಿಗೆ ಬೆನ್ನು ಮಾಡಿ ಒಳಕೋಣೆಯಲ್ಲಿ ಕೂತ. ನಮ್ಮವರು ಬಂದು ಸಮಾಧಾನ ಹೇಳಿದರೂ ಹೊರಗೆ ಬರಲಿಲ್ಲ. ಮರುದಿನ ತಾನೇ ಅವರನ್ನು ಎಬ್ಬಿಸಿಕೊಂಡು ಹೋಗಿ ಸೋಮವಾರ ರಾತ್ರಿಯ ಹುಬ್ಬಳ್ಳಿ ರೈಲಿಗೆ ತಿಕೀಟು ತಂದ. ಸೋಮವಾರ ಸಂಜೆಯೇ ಕಾಮದಹನ.

'ಹಲ್ಲು ಬುಧವಾರ ಬರ್ತಾವ ಕಾಕಾ. ಹಲ್ಲಿಲ್ಲದೇ ಊರಿಗೆ ಹೆಂಗ ಹೋಗ್ತಿ?'

'ಪಾರ್ಸಲ್ ಮಾಡಿ ಕಳಸು.'

'ನಾನು ಕಟ್ಟಿಗೆ ಡಿಪೋದಿಂದ ತರಸ್ತೀನಿ. ಹುಡುಗ್ರು ಆಸೆ ಮಾಡ್ಯಾವು.'

'ಕೊಂಡ ಕಟ್ಟಿಗಿಲೆ ಕಾಮಣ್ಣನ್ನ ಸುಡೂದಿಲ್ಲವಾ, ಅಡಗಿ ಮಾಡೂದು,' ಎಂದು ಗೋಡೆಗೆ ಮುಖ ಮಾಡಿದ. ಆಮೇಲೆ ತಡೆದು ತಡೆದು ಹೇಳಿದ: 'ಜೀಪಿನ್ಯಾಗ ಹತ್ತುಮುಂದ ಆ ಕೂಸು ಅಳಾಕತ್ತಿತ್ತು. ನಿನ್ನ ಮಗಳ ಕಣ್ಣಾಗ ನಾ ಕಳ್ಳ ಆದ್ನಲ್ಲವಾ.'

ಕದಿಯುವುದನ್ನು ಆಟವೆಂದು ಕಲಿಸಿದವನು, ಆ ಆಟದಲ್ಲೇ ನಿಜವಾದ ಕಳ್ಳನಾಗಿ ಹೋಗಿದ್ದ. ಗಂಗಾ ಎಷ್ಟು ಕರೆದರೂ ಅವನು ಅವಳ ಮುಖ ನೋಡುತ್ತಿರಲಿಲ್ಲ. ಅಂಗಿಯ ಜೇಬಿನಲ್ಲಿ ತಿಕೀಟು ಇಟ್ಟುಕೊಂಡು ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತಿದ್ದ. ತಡೆಯಲಾರದೆ ಎದುರು ಮನೆಗೆ ಹೋಗಿ ಮಾಮಿಯ ಮುಂದೆ ಎಲ್ಲ ಹೇಳಿಕೊಂಡು ಅತ್ತೆ. ಮಾಮಿ ಈ ಸಲ ಕಾಫಿ ಕೊಟ್ಟರು.

ಸೋಮವಾರ ಸಂಜೆ. ಸಮುದ್ರದ ಗಾಳಿ ಏಳುವ ಹೊತ್ತು. ಬೇವಿನ ಹೂವು ಬೀದಿಯ ತುಂಬ ಉದುರುತ್ತಿತ್ತು. ಕಾಕಾ ಚೀಲ ಕಟ್ಟಿ ಜಗಲಿಗೆ ತಂದಿಟ್ಟಿದ್ದ. ಖಾಲಿ ಸೈಟಿನಲ್ಲಿ ಮಕ್ಕಳು ಹಳೆಯ ಪ್ಯಾಂಟಿಗೆ ಪೇಪರು ತುಂಬಿ ಮಾಡಿದ ಕಾಮಣ್ಣ, ಒಂದು ಕಡ್ಡಿ ಕಟ್ಟಿಗೆಯಿಲ್ಲದೆ, ಸೊಂಟ ಮುರಿದು ಕೂತಿದ್ದ.

ಆಗ ಪದ್ಮಾ ಮಾಮಿಯ ಬಾಗಿಲು ತೆರೆಯಿತು. ಮಾಮಿ ಕಾಲು ಮುರಿದ ಒಂದು ಮಣೆಯನ್ನು ತಂದು ಗೇಟಿನ ಹೊರಗೆ ಇಟ್ಟರು. ಇಟ್ಟು, ನಮ್ಮ ಕಡೆ ನೋಡದೆ, ಬೀದಿಗೆಲ್ಲ ಕೇಳುವ ಹಾಗೆ, 'ದೊಡ್ಡವರು ತಾನೇ ಮಾತು ಕೊಟ್ಟದ್ದು? ಮಕ್ಕಳು ಕೊಟ್ಟಿಲ್ಲಲ್ಲಾ?' ಎಂದು ಹೇಳಿ, ಬೀದಿಗೆ ಬೆನ್ನು ಹಾಕಿ ನಿಂತುಬಿಟ್ಟರು.

ಎರಡನೆಯ ಮನೆಯಿಂದ ಒಂದು ಹಳೆಯ ಸ್ಟೂಲು ಬಂತು. ಅದರಾಚೆಯ ಮನೆಯಿಂದ ಕ್ರಿಕೆಟ್ ಬ್ಯಾಟು, ಕಿಟಕಿಯ ಬಾಗಿಲು, ಸವೆದ ಒನಕೆ. ಅಪಾರ್ಟ್‌ಮೆಂಟಿನವರು ಒಂದು ಇಡೀ ಶೂ ಸ್ಟ್ಯಾಂಡನ್ನೇ ಹೊತ್ತು ತಂದರು. ಮಾಮಿ ಎರಡು ದಿನ ಮನೆಮನೆಗೆ ಹೋಗಿ ಈ ಹಬ್ಬದ ಕಾಯ್ದೆಯನ್ನು ತಮಿಳಿನಲ್ಲಿ ವಿವರಿಸಿದ್ದರೆಂದು ಆಮೇಲೆ ಗೊತ್ತಾಯಿತು. ಎಲ್ಲರೂ ಇಟ್ಟು, ಬೆನ್ನು ತಿರುಗಿಸಿ ನಿಂತರು. ಒಂದು ಬೀದಿಯ ಜನವೆಲ್ಲ ತಂತಮ್ಮ ಬಾಗಿಲಿಗೆ ಮುಖ ಮಾಡಿ ನಿಂತದ್ದನ್ನು ನಾನು ಅದೊಂದೇ ಸಲ ನೋಡಿದ್ದು. ಮಕ್ಕಳು ಅರೆಕ್ಷಣ ಬೆರಗಾಗಿ ನಿಂತವು, ಆಮೇಲೆ ಬಿದ್ದವು ನೋಡಿ! ಎತ್ತಿದ್ದೇ ಎತ್ತಿದ್ದು, ಓಡಿದ್ದೇ ಓಡಿದ್ದು. ಕಳ್ಳತನ ನಡೆಯುತ್ತಿದ್ದರೆ ಹಿರಿಯರು ಗೋಡೆಗೆ ಹೇಳಿಕೊಂಡು ತಮಿಳಿನಲ್ಲಿ ಬೈಯುತ್ತಿದ್ದರು. ಬೈಗುಳವೂ ಕಾಯ್ದೆಯಲ್ಲಿದೆ ಎಂದು ಮಾಮಿ ಹೇಳಿಕೊಟ್ಟಿದ್ದರು.

ಕಾಕಾ ಜಗಲಿಯ ಮೇಲೆ ಎದ್ದು ನಿಂತಿದ್ದ.

ಅಷ್ಟರಲ್ಲಿ ಜೀಪು ಬಂತು. ಬೀದಿ ಗಪ್‌ಚಿಪ್. ಮಕ್ಕಳು ಕದ್ದ ಮಾಲು ಹಿಡಿದುಕೊಂಡೇ ಕಲ್ಲಾದವು. ಎಸ್.ಐ. ಅಮ್ಮ ಇಳಿದು ರಾಶಿ ನೋಡಿದರು, ನೀರಿನ ಬಕೆಟ್ಟು ನೋಡಿದರು, ಕಾಕಾನನ್ನು ನೋಡಿದರು. ಕಾಕಾ ಎರಡೂ ಕೈ ಮೇಲೆತ್ತಿ, ನಾನು ಮುಟ್ಟಿಲ್ಲ ಎಂದು ತೋರಿಸಿದ. ಆಕೆ ಜೀಪಿನೊಳಗಿಂದ ನಡುವೆ ಸೀಳಿದ ಒಂದು ಹಳೆಯ ಲಾಠಿಯನ್ನು ತೆಗೆದು, ಬೇವಿನ ಮರದ ಬುಡಕ್ಕೆ ಆನಿಸಿ ಇಟ್ಟರು. ಆಮೇಲೆ ಬೆನ್ನು ತಿರುಗಿಸಿ, ತಲೆಯೆತ್ತಿ ಮರ ನೋಡುತ್ತ, ಈ ವರ್ಷ ಹೂವು ಬಹಳ ಬಿಟ್ಟಿದೆ ಎಂದು ಕಾನ್‌ಸ್ಟೇಬಲ್‌ಗೆ ಹೇಳತೊಡಗಿದರು. ಅವನೂ ತಿರುಗಿ ನಿಂತು ಹೂವು ನೋಡಿದ.

ಗಂಗಾ ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ ಲಾಠಿ ಎತ್ತಿಕೊಂಡು ಓಡಿದಳು. ಆರು ಮಕ್ಕಳು ಲಬೋ ಲಬೋ ಎಂದು ಆಕಾಶ ಹರಿಯುವ ಹಾಗೆ ಕೂಗಿದವು. ನಾನೂ ಕೂಗಿದೆ. ನಮ್ಮವರು ಕೂಗಿದರು. ಪದ್ಮಾ ಮಾಮಿ ಬಾಗಿಲಿಗೆ ಮುಖ ಮಾಡಿಕೊಂಡೇ, ಹಿಂದೆ ತಿರುಗದೆ, ಬಾಯಿ ಬಡಿದುಕೊಂಡರು.

ನಾನು ಕಾಕಾನ ಕಡೆ ನೋಡಿದೆ. ಕಣ್ಣೀರು ಮೀಸೆಯ ಮೇಲೆ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಜಗಲಿ ಇಳಿದು ಗೇಟಿನ ತನಕ ಬಂದ. ಜೇಬಿಗೆ ಕೈಹಾಕಿ ರೈಲಿನ ತಿಕೀಟು ತೆಗೆದ. ಅದನ್ನು ಕಾಂಪೌಂಡ್ ಗೋಡೆಯ ಮೇಲೆ ಇಟ್ಟು, ಗಾಳಿಗೆ ಹಾರದ ಹಾಗೆ ಮೇಲೊಂದು ಕಲ್ಲು ಹೇರಿದ. ಆಮೇಲೆ ಅದಕ್ಕೆ ಬೆನ್ನು ಮಾಡಿ ನಿಂತು, ಎರಡೂ ಕೈ ಹಿಂದೆ ಕಟ್ಟಿಕೊಂಡು, ತಾನೂ ಬೇವಿನ ಹೂವು ನೋಡತೊಡಗಿದ.

'ಗಂಗೀ,' ಎಂದ, ತಿರುಗದೆ. 'ಯಾರೂ ನೋಡವಲ್ಲರಲ್ಲಾ?'